ವಸಂತದ ಗಾಳಿ, ಗ್ಯಾಲ್ವೆಸ್ಟನ್ ಕೊಲ್ಲಿ ಮತ್ತು ರೆಡ್‌ಫಿಶ್: ತಂದೆಯವರನ್ನು ಗೈಡ್ ಜೊತೆ ಕರೆದೊಯ್ಯಬಹುದೇ?

ಪ್ರಶ್ನೆ: ನಾವು ಹೂಸ್ಟನ್‌ನಲ್ಲಿದ್ದೇವೆ. ನನ್ನ ತಂದೆಗೆ 68 ವರ್ಷ. ಹೊನ್ನಾವರದವರು, ಶರಾವತಿ ಅಳಿವೆಯಲ್ಲಿ ಗಾಳ ಹಾಕಿ, ಬೀಸುಬಲೆ ಬೀಸಿ ಬೆಳೆದವರು. ಮಾರ್ಚ್ ಕೊನೆಗೆ ಬಂದು ಮೇ ತಿಂಗಳವರೆಗೆ ಇರುತ್ತಾರೆ. ಅವರನ್ನೂ 9 ವರ್ಷದ ಮಗಳನ್ನೂ ಗ್ಯಾಲ್ವೆಸ್ಟನ್‌ನಲ್ಲಿ ಗೈಡ್ ಒಬ್ಬರ ದೋಣಿಯಲ್ಲಿ ರೆಡ್‌ಫಿಶ್ ಹಿಡಿಯಲು ಕರೆದೊಯ್ಯುವ ಆಸೆ. ಆದರೆ ಆಫೀಸಿನ ಗೆಳೆಯರು ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ: ರೆಡ್‌ಫಿಶ್ ಅಕ್ಟೋಬರ್‌ನ ಮೀನು, ವಸಂತದಲ್ಲಿ ಹೋದರೆ ದುಡ್ಡು ದಂಡ, ಹೋಗುವುದಾದರೆ ಲೂಯಿಸಿಯಾನಕ್ಕೇ ಹೋಗಬೇಕು, ಗ್ಯಾಲ್ವೆಸ್ಟನ್ ಕೊಲ್ಲಿಯ ಮೀನು ತಿನ್ನಲೇಬಾರದು. ತಂದೆಗೆ ಮಧುಮೇಹವಿದೆ, ಒಂದು ಮೊಣಕಾಲು ನೋವು. ಊರಿಂದ ಬೀಸುಬಲೆ ತರಲೇ ಎಂದು ಕೇಳುತ್ತಿದ್ದಾರೆ. ಏನು ಮಾಡಲಿ?

ಉತ್ತರ: ನಿಮ್ಮ ಪತ್ರದಲ್ಲಿ ಪ್ರಶ್ನೆಗಳು ಹಲವು ಇದ್ದರೂ ಅವುಗಳ ಹಿಂದಿನ ಆತಂಕ ಒಂದೇ ಎಂದು ನನಗನ್ನಿಸುತ್ತದೆ. ಅಪರೂಪಕ್ಕೆ ಬರುವ ತಂದೆಯವರಿಗೆ ಒಂದು ಒಳ್ಳೆಯ ದಿನ ಕೊಡಬೇಕು, ಅದು ಬರಿಗೈಯ ದಿನವೂ ಆಗಬಾರದು, ಅಪಾಯದ ದಿನವೂ ಆಗಬಾರದು. ಕರಾವಳಿ ಮೀನುಗಾರಿಕೆಯ ಕ್ಷೇತ್ರದಲ್ಲಿ ಕೆಲಸ ಮಾಡುವವನಾಗಿ ಮೊದಲೇ ಹೇಳಿಬಿಡುತ್ತೇನೆ: ಏಪ್ರಿಲ್‌ನಲ್ಲಿ ನಿಮ್ಮ ದಿನ ಕೆಡುವುದಾದರೆ ಅದು ಮೀನಿಲ್ಲದೆ ಕೆಡುವುದಕ್ಕಿಂತ ಗಾಳಿಯಿಂದ ಕೆಡುವ ಸಂಭವವೇ ಹೆಚ್ಚು. ಹಾಗಾಗಿ ತಿಂಗಳನ್ನು ಆರಿಸುವುದಕ್ಕಿಂತ ಗಾಳಿಯನ್ನು ಗೌರವಿಸುವ ಗೈಡ್‌ನನ್ನು ಆರಿಸುವುದು ಮುಖ್ಯ.

ಅಕ್ಟೋಬರ್‌ನ ಮಾತು ಎಲ್ಲಿಂದ ಬಂತು ಎಂಬುದನ್ನು ಮೊದಲು ನೋಡೋಣ. ಅದು ಪೂರ್ತಿ ಸುಳ್ಳಲ್ಲ, ಆದರೆ ಬೇರೆ ವಯಸ್ಸಿನ ಮೀನಿನ ಬಗ್ಗೆ ಹೇಳಿದ ಮಾತು. ರೆಡ್‌ಫಿಶ್ ಅಥವಾ ರೆಡ್ ಡ್ರಮ್ ಎಂಬ ಈ ಮೀನು ಬದುಕಿನ ಮೊದಲ ಮೂರು ನಾಲ್ಕು ವರ್ಷಗಳನ್ನು ಕೊಲ್ಲಿ, ಹಿನ್ನೀರು, ಜೌಗುಹುಲ್ಲಿನ ಕಾಲುವೆಗಳಲ್ಲೇ ಕಳೆಯುತ್ತದೆ. 28 ಇಂಚಿನ ಆಸುಪಾಸು ಬೆಳೆದು ಪ್ರೌಢವಾದ ಮೇಲೆ ಹೊರ ಸಮುದ್ರದ ದೊಡ್ಡ ಹಿಂಡುಗಳನ್ನು ಸೇರುತ್ತದೆ. ಅಲ್ಲಿ ಅದು ಮೂವತ್ತು ನಲವತ್ತು ವರ್ಷ ಬದುಕಬಲ್ಲದು. ಆಗಸ್ಟ್‌ನಿಂದ ನವೆಂಬರ್‌ವರೆಗೆ ಈ ದೊಡ್ಡ ಮೀನುಗಳು ಮೊಟ್ಟೆಯಿಡಲು ಅಳಿವೆಬಾಯಿಗಳ ಹತ್ತಿರ ಬರುತ್ತವೆ, ಗ್ಯಾಲ್ವೆಸ್ಟನ್‌ನ ಜೆಟ್ಟಿಗಳ ಬಂಡೆಗಳ ಬಳಿ ಸಾಲುಗಟ್ಟಿ ದೋಣಿಗಳು ನಿಲ್ಲುವುದು ಆಗಲೇ. ನಿಮ್ಮ ಗೆಳೆಯರು ನೆನಪಿಟ್ಟುಕೊಂಡಿರುವುದು ಆ ಗದ್ದಲವನ್ನು. ಕೊಲ್ಲಿಯೊಳಗಿನ ಎಳೆಯ ಮೀನುಗಳಾದರೋ ವರ್ಷದ ಹನ್ನೆರಡು ತಿಂಗಳೂ ಕೊಲ್ಲಿಯಲ್ಲೇ ಇರುತ್ತವೆ. ಮನೆಗೆ ತರಲು ಕಾನೂನು ಒಪ್ಪುವ ಅಳತೆಯ ಮೀನುಗಳೂ, ತಿನ್ನಲು ರುಚಿಯಾದ ಮೀನುಗಳೂ ಇವೇ.

ಚಳಿಗಾಲದಲ್ಲಿ ಈ ಮೀನುಗಳು ಆಳವಾದ ಕಾಲುವೆಗಳಿಗೆ ಇಳಿದು ಮಂದವಾಗಿರುತ್ತವೆ. ನೀರು 60 ಡಿಗ್ರಿ ಫ್ಯಾರನ್‌ಹೀಟ್ ದಾಟುತ್ತಿದ್ದಂತೆ ಕೆಸರುದಂಡೆಗಳ ಮೇಲೆ, ಸಿಂಪಿ ದಿಬ್ಬಗಳ ಅಂಚಿನಲ್ಲಿ, ಹುಲ್ಲಿನ ಬದಿಯಲ್ಲಿ ಮೇಯಲು ಬರುತ್ತವೆ. ಮಾರ್ಚ್ ತಿಂಗಳ ಮಟ್ಟಿಗೆ ಒಂದು ಸಂಗತಿ ಗಮನಿಸಿ: ನಸುಕಿಗೇ ಹೊರಡಬೇಕು ಎಂಬ ರೂಢಿ ಆ ತಿಂಗಳಿಗೆ ಅಷ್ಟಾಗಿ ಒಪ್ಪುವುದಿಲ್ಲ. ರಾತ್ರಿ ತಣ್ಣಗಾದ ಆಳವಿಲ್ಲದ ನೀರು ಬಿಸಿಲೇರಿದ ಮೇಲೆ ಕಪ್ಪು ಕೆಸರಿನ ಶಾಖಕ್ಕೆ ಬೆಚ್ಚಗಾಗುತ್ತದೆ, ಮೀನು ಅಲ್ಲಿಗೆ ಬರುವುದು ಹನ್ನೊಂದು ಗಂಟೆಯ ನಂತರವೂ ಆಗಬಹುದು. ಏಪ್ರಿಲ್ ನಡುವಿನಿಂದ ಮೇ ಹೊತ್ತಿಗೆ ಚಿತ್ರ ಬದಲಾಗುತ್ತದೆ. ಹುಲ್ಲಿನ ನಡುವೆ ಬೆಳೆದ ಕಂದು ಸಿಗಡಿಯ ಮರಿಗಳು ಕೊಲ್ಲಿಯತ್ತ ಹೊರಡುತ್ತವೆ, ಏಡಿಗಳು ಚುರುಕಾಗುತ್ತವೆ, ರೆಡ್‌ಫಿಶ್ ಅವುಗಳ ಬೆನ್ನು ಹತ್ತುತ್ತದೆ. ನಿಮಗೆ ಆಯ್ಕೆಯಿದ್ದರೆ ಏಪ್ರಿಲ್ ಕೊನೆಯ ವಾರ ಅಥವಾ ಮೇ ಮೊದಲ ವಾರವನ್ನು ನೋಡಿ ಎನ್ನುತ್ತೇನೆ.

ಇನ್ನು ಗಾಳಿ. ಟೆಕ್ಸಾಸ್ ಕರಾವಳಿಯಲ್ಲಿ ವಸಂತವೆಂದರೆ ಆಗ್ನೇಯದ ಗಾಳಿ ದಿನಗಟ್ಟಲೆ ಬೀಸುವ ಕಾಲ. ನಡುವೆ ಉತ್ತರದಿಂದ ತಣ್ಣನೆಯ ಮಾರುತ ಬಂದಾಗ ದಿಕ್ಕು ಒಮ್ಮೆಗೇ ತಿರುಗುತ್ತದೆ. ಇದು ಮೀನಿನ ಮೇಲೂ ದೋಣಿಯ ಮೇಲೂ ಪರಿಣಾಮ ಬೀರುತ್ತದೆ. ನಿಮ್ಮ ತಂದೆಯವರು ಹೊನ್ನಾವರದಲ್ಲಿ ದಿನಕ್ಕೆರಡು ಉಬ್ಬರ, ಎರಡು ಇಳಿತ ನೋಡಿ, ತಿಥಿಯ ಮೇಲೆ ನೀರಿನ ಲೆಕ್ಕ ಹಾಕಿದವರು. ಗ್ಯಾಲ್ವೆಸ್ಟನ್‌ನಲ್ಲಿ ಆ ಲೆಕ್ಕ ಕೈಕೊಡುತ್ತದೆ. ಇಲ್ಲಿನ ಉಬ್ಬರವಿಳಿತ ಒಂದೆರಡು ಅಡಿಯಷ್ಟೇ, ಹಲವು ದಿನ ಒಂದೇ ಉಬ್ಬರ, ಒಂದೇ ಇಳಿತ. ಕೊಲ್ಲಿ ಅಗಲ, ಆಳ ಕಡಿಮೆ. ತಟ್ಟೆಯಲ್ಲಿನ ನೀರನ್ನು ಓರೆ ಮಾಡಿದಂತೆ ಗಾಳಿಯೇ ನೀರನ್ನು ಒಂದು ಬದಿಗೆ ಸರಿಸಿಬಿಡುತ್ತದೆ. ಆಗ್ನೇಯ ಗಾಳಿ ಎರಡು ಮೂರು ದಿನ ಬೀಸಿದರೆ ನೀರು ಏರಿ ಹುಲ್ಲಿನ ಒಳಗೆ ನುಗ್ಗುತ್ತದೆ, ಮೀನೂ ಹುಲ್ಲಿನೊಳಗೆ ಹೋಗಿ ಗಾಳಕ್ಕೆ ಎಟಕುವುದಿಲ್ಲ. ಉತ್ತರದ ಗಾಳಿ ಜೋರಾದರೆ ನೀರು ಬರಿದಾಗಿ ಮೀನು ಕಾಲುವೆಗಳ ಬಾಯಲ್ಲಿ ಗುಂಪುಗೂಡುತ್ತದೆ. ಅಂಥ ಉತ್ತರ ಗಾಳಿಯ ದಿನ ಚಳಿ ಹೆಚ್ಚಿದ್ದರೂ ಕೆಲವೊಮ್ಮೆ ಬೇಟೆ ಒಳ್ಳೆಯದಿರುತ್ತದೆ, ಬಲ್ಲ ಗೈಡ್‌ಗಳು ಅದಕ್ಕಾಗಿಯೇ ಕಾಯುತ್ತಾರೆ.

ಗಾಳಿ ನೀರನ್ನು ಕದಡುತ್ತದೆ ಎಂದು ಹೆದರುವವರಿದ್ದಾರೆ. ಅದೇ ಕೊಲ್ಲಿಯ ಟ್ರೌಟ್ ಮೀನಿಗೆ ಹೋಲಿಸಿದರೆ ರೆಡ್‌ಫಿಶ್‌ಗೆ ಅದು ಅಷ್ಟು ದೊಡ್ಡ ತೊಡಕಲ್ಲ. ಇದರ ಬಾಯಿ ಕೆಳಮುಖ, ಮೇಯುವುದು ತಳದಲ್ಲಿ. ವಾಸನೆಯಿಂದಲೂ ನೀರಿನ ಅದುರಿನಿಂದಲೂ ಆಹಾರ ಹುಡುಕಿ, ಏಡಿಯನ್ನು ಗಂಟಲ ಹಲ್ಲುಗಳಿಂದ ಪುಡಿಮಾಡಿ ನುಂಗುತ್ತದೆ. ಹಾಗಾಗಿ ನೀರು ಚಹಾದ ಬಣ್ಣಕ್ಕೆ ತಿರುಗಿದ ದಿನವೂ ಜೀವಂತ ಸಿಗಡಿ ಅಥವಾ ಕತ್ತರಿಸಿದ ಮಲೆಟ್ ಮೀನಿನ ತುಂಡು ಕೆಲಸ ಮಾಡುತ್ತದೆ. ಕೆಡುವುದು ದೋಣಿಯ ಸವಾರಿ. ತೆರೆದ ಕೊಲ್ಲಿಯಲ್ಲಿ ಗಂಟೆಗೆ 20 ಮೈಲಿ ಗಾಳಿಯೆಂದರೆ ಒತ್ತೊತ್ತಾಗಿ ಬರುವ ಗಿಡ್ಡ ಅಲೆಗಳು, ಪ್ರತಿ ಅಲೆಗೂ ದೋಣಿಯ ತಳ ಬಡಿಯುತ್ತದೆ. ಮೊಣಕಾಲು ನೋವಿರುವವರಿಗೆ ಅರ್ಧ ಗಂಟೆಯ ಅಂಥ ಸವಾರಿ ಇಡೀ ದಿನವನ್ನು ಹಾಳುಮಾಡಲು ಸಾಕು. ಹವಾಮಾನ ಇಲಾಖೆ ಸಣ್ಣ ದೋಣಿಗಳಿಗೆ ಎಚ್ಚರಿಕೆ ಕೊಟ್ಟ ದಿನ ನೀವು ಹೋಗಲೇಬಾರದು, ಗೈಡ್ ಸಿದ್ಧನಿದ್ದರೂ ಸಹ.

ಆದ್ದರಿಂದ ಬುಕ್ ಮಾಡುವ ಮುನ್ನ ಕೇಳಬೇಕಾದ ಮೊದಲ ಪ್ರಶ್ನೆ ಎಷ್ಟು ಮೀನು ಸಿಗುತ್ತದೆ ಎಂಬುದಲ್ಲ. ಗಾಳಿ ಎಷ್ಟಾದರೆ ನೀವು ಹೊರಡುವುದಿಲ್ಲ, ಹೊರಡದಿದ್ದರೆ ಮುಂಗಡ ಹಣ ಏನಾಗುತ್ತದೆ ಎಂಬುದು. ಒಳ್ಳೆಯ ಗೈಡ್ ಇದಕ್ಕೆ ತಡವರಿಸದೆ ಉತ್ತರಿಸುತ್ತಾನೆ: ಹಿಂದಿನ ಸಂಜೆ ಮಾತಾಡಿ ನಿರ್ಧರಿಸೋಣ, ನಾನೇ ರದ್ದು ಮಾಡಿದರೆ ಹಣ ವಾಪಸ್ ಅಥವಾ ಬೇರೆ ದಿನ, ತೆರೆದ ಕೊಲ್ಲಿ ಬೇಡವೆಂದರೆ ಗಾಳಿಮರೆಯ ಇಂಥ ಕಡೆ ಹೋಗೋಣ. ಮೀನು ಖಚಿತ ಎಂದು ಭರವಸೆ ಕೊಟ್ಟು ಗಾಳಿಯ ಮಾತನ್ನು ತೇಲಿಸಿಬಿಡುವವರನ್ನು ಬಿಟ್ಟುಬಿಡಿ. ಎರಡನೆಯದಾಗಿ, ಅಮೆರಿಕದ ಕೋಸ್ಟ್ ಗಾರ್ಡ್ ಕೊಡುವ ಕ್ಯಾಪ್ಟನ್ ಲೈಸೆನ್ಸೂ ಟೆಕ್ಸಾಸ್ ರಾಜ್ಯದ ಗೈಡ್ ಲೈಸೆನ್ಸೂ ಇದೆಯೇ ಎಂದು ಸಂಕೋಚವಿಲ್ಲದೆ ಕೇಳಿ. ಕೊಲ್ಲಿಯ ಗೈಡ್‌ಗಳಲ್ಲಿ ಹೆಚ್ಚಿನವರ ಬಳಿ ಇರುವುದು ಆರು ಪ್ರಯಾಣಿಕರವರೆಗೆ ಕರೆದೊಯ್ಯಬಹುದಾದ ಲೈಸೆನ್ಸು. ಬೆಲೆ ಕೇಳುವಾಗ ಜೀವಂತ ಎರೆ, ಇಂಧನ, ಮೀನು ಶುಚಿ ಮಾಡುವುದು ಇವೆಲ್ಲ ಸೇರಿವೆಯೇ ಎಂದು ಸ್ಪಷ್ಟಪಡಿಸಿಕೊಳ್ಳಿ. ಇದರ ಮೇಲೆ ಶೇಕಡಾ 15ರಿಂದ 20ರಷ್ಟು ಟಿಪ್ ಕೊಡುವುದು ಇಲ್ಲಿನ ವಾಡಿಕೆ.

ಯಾವ ಬಗೆಯ ದೋಣಿ, ಯಾವ ಬಗೆಯ ಬೇಟೆ ಎಂಬುದರಲ್ಲಿ ನಿಮ್ಮ ತಂದೆಯವರ ಸ್ಥಿತಿಗೆ ತಕ್ಕ ಆಯ್ಕೆ ಮಾಡಬೇಕು. ಚಿತ್ರಗಳಲ್ಲಿ ಕಾಣುವ ಬೇಟೆ ಬಹಳ ಸೊಗಸಾದದ್ದು: ಮೊಣಕಾಲುದ್ದದ ನೀರಿನಲ್ಲಿ ಮೀನು ತಲೆ ಕೆಳಗೆ ಮಾಡಿ ಏಡಿ ಕೆದಕುವಾಗ ಅದರ ತಾಮ್ರದ ಬಣ್ಣದ ಬಾಲ, ಬಾಲದ ಬುಡದ ಕಪ್ಪು ಚುಕ್ಕೆಯ ಸಮೇತ, ನೀರಿನ ಮೇಲೆ ಒಂದು ಕ್ಷಣ ಅಲುಗುತ್ತದೆ. ಗೈಡ್ ಎತ್ತರದ ಅಟ್ಟಣೆಯ ಮೇಲೆ ನಿಂತು ಉದ್ದದ ಕೋಲಿನಿಂದ ಸದ್ದಿಲ್ಲದೆ ದೋಣಿ ನೂಕುತ್ತಾನೆ, ಮೀನುಗಾರ ಮುಂಭಾಗದ ಕಿರಿದಾದ ಹಲಗೆಯ ಮೇಲೆ ನಿಂತು ಎರೆಯನ್ನು ಅದರ ಮೂಗಿನ ಮುಂದೆ ಇಳಿಸಬೇಕು. ಇದಕ್ಕೆ ತಿಳಿನೀರು, ಬಿಸಿಲು, ಕಡಿಮೆ ಗಾಳಿ ಮೂರೂ ಬೇಕು. ವಸಂತದ ಗ್ಯಾಲ್ವೆಸ್ಟನ್‌ನಲ್ಲಿ ಇವು ಒಟ್ಟಿಗೆ ಸಿಗುವುದು ಅಪರೂಪ. ದಕ್ಷಿಣಕ್ಕೆ ರಾಕ್‌ಪೋರ್ಟ್ ಕಡೆ ನೀರು ಹೆಚ್ಚು ತಿಳಿ, ನೀರಡಿಯ ಹುಲ್ಲುಗಾವಲು ಹೆಚ್ಚು. ಆದರೆ ಗಂಟೆಗಟ್ಟಲೆ ಅಲುಗಾಡುವ ಹಲಗೆಯ ಮೇಲೆ ನಿಲ್ಲುವುದು ನೋವಿರುವ ಮೊಣಕಾಲಿಗೂ ಒಂಬತ್ತು ವರ್ಷದ ಮಗುವಿಗೂ ಹೇಳಿದ್ದಲ್ಲ.

ಇನ್ನೊಂದು ಬಗೆ ನೀರಿಗಿಳಿದು ನಡೆಯುತ್ತ ಗಾಳ ಹಾಕುವುದು. ಟೆಕ್ಸಾಸ್‌ನಲ್ಲಿ ಇದಕ್ಕೆ ದೊಡ್ಡ ಪರಂಪರೆಯೇ ಇದೆ, ಅನೇಕ ಗೈಡ್‌ಗಳು ಇದನ್ನೇ ಸೂಚಿಸುತ್ತಾರೆ, ತಂದೆಯವರೂ ಅಳಿವೆಯ ಅಭ್ಯಾಸದಿಂದ ಉತ್ಸಾಹ ತೋರಿಸಿಯಾರು. ಇದಕ್ಕೆ ನಾನು ಒಪ್ಪುವುದಿಲ್ಲ. ಬೆಚ್ಚಗಿನ ಉಪ್ಪುನೀರಿನಲ್ಲಿ ವಿಬ್ರಿಯೊ ವಲ್ನಿಫಿಕಸ್ ಎಂಬ ಬ್ಯಾಕ್ಟೀರಿಯಾ ಸಹಜವಾಗಿಯೇ ಇರುತ್ತದೆ, ನೀರು ಬಿಸಿಯಾದಂತೆ ಹೆಚ್ಚುತ್ತದೆ. ಇದರ ಸೋಂಕುಗಳು ಹೆಚ್ಚಾಗಿ ಮೇಯಿಂದ ಅಕ್ಟೋಬರ್‌ವರೆಗೆ ಕಂಡುಬರುತ್ತವೆ. ಆರೋಗ್ಯವಂತರಿಗೆ ಅಪಾಯ ತೀರಾ ಕಡಿಮೆ. ಆದರೆ ಮಧುಮೇಹ ಅಥವಾ ಯಕೃತ್ತಿನ ಕಾಯಿಲೆ ಇರುವವರಿಗೆ ಸಿಂಪಿ ಚಿಪ್ಪು ಗೀರಿದ ಸಣ್ಣ ಗಾಯವೂ ಒಂದೆರಡು ದಿನದಲ್ಲಿ ಕೈಕಾಲನ್ನೇ, ಪ್ರಾಣವನ್ನೇ ಕಳೆಯುವ ಮಟ್ಟಕ್ಕೆ ಹೋಗಬಹುದು. ಮಧುಮೇಹಿಗಳಿಗೆ ಪಾದದ ಸ್ಪರ್ಶ ಮಂದವಾಗಿದ್ದರೆ ಗಾಯವಾದದ್ದೇ ಗೊತ್ತಾಗುವುದಿಲ್ಲ. ಇದರ ಜೊತೆಗೆ ನೀರು ಬೆಚ್ಚಗಾದಂತೆ ಮರಳಿನಲ್ಲಿ ಹುದುಗಿರುವ ತೊರಕೆ ಮೀನಿನ ಮುಳ್ಳಿನ ಅಪಾಯವೂ ಇದೆ. ದೋಣಿಯಲ್ಲೇ ಇದ್ದರೂ ತಂದೆಯವರು ಮುಚ್ಚಿದ ಬೂಟು ಹಾಕಲಿ, ಮೀನು ಮುಟ್ಟುವಾಗ ಗ್ಲೌಸ್ ಧರಿಸಲಿ. ಗಾಯವಾದರೆ ತಕ್ಷಣ ಸಾಬೂನು ಮತ್ತು ಶುದ್ಧ ನೀರಿನಿಂದ ತೊಳೆಯಬೇಕು. ಕೆಂಪಾಗಿ ಊದಿ ನೋವು ಏರುತ್ತಿದ್ದರೆ ಬೆಳಗಾಗಲಿ ಎಂದು ಕಾಯದೆ ಆಸ್ಪತ್ರೆಗೆ ಹೋಗಿ, ಉಪ್ಪುನೀರಿನಲ್ಲಿ ಆದ ಗಾಯ ಎಂದು ವೈದ್ಯರಿಗೆ ಮೊದಲ ಮಾತಿನಲ್ಲೇ ಹೇಳಿ. ಹಸಿ ಸಿಂಪಿ ತಿನ್ನುವುದಂತೂ ಅವರಿಗೆ ಬೇಡವೇ ಬೇಡ.

ನಿಮ್ಮ ಕುಟುಂಬಕ್ಕೆ ಸರಿಹೊಂದುವುದು ಮೂರನೆಯ ಬಗೆ. ಕೊಲ್ಲಿಯ ನೀರಿಗೆಂದೇ ಮಾಡಿದ 22ರಿಂದ 24 ಅಡಿಯ ಬೇ ಬೋಟ್ ಎಂಬ ದೋಣಿ, ಒರಗಲು ಬೆನ್ನಿರುವ ಆಸನ, ಗಾಳಿಮರೆಯ ದಂಡೆಯಲ್ಲಿ ದೋಣಿ ನಿಲ್ಲಿಸಿ ಅಥವಾ ನಿಧಾನ ತೇಲಿಬಿಟ್ಟು, ಪಾಪಿಂಗ್ ಕಾರ್ಕ್ ಎಂಬ ಸದ್ದುಮಾಡುವ ತೇಲುಬೆಂಡಿನ ಕೆಳಗೆ ಒಂದೂವರೆ ಎರಡು ಅಡಿ ದಾರದಲ್ಲಿ ಸಿಗಡಿ ಕಟ್ಟಿ ಹಾಕುವುದು. ಬೆಂಡನ್ನು ಆಗಾಗ ಜಗ್ಗಿದರೆ ಅದು ಗುಳುಕ್ ಎನ್ನುತ್ತದೆ, ಮೇಯುವ ಮೀನಿನ ಸದ್ದೆಂದು ನಂಬಿ ರೆಡ್‌ಫಿಶ್ ನೋಡಲು ಬರುತ್ತದೆ. ಬೆಂಡು ಮುಳುಗುವುದನ್ನು ಕಾಯುವುದು ಮಗುವಿಗೂ ಅರ್ಥವಾಗುವ ಆಟ, ಕುಳಿತುಕೊಂಡೇ ಆಡಬಹುದು. ತಂದೆಯವರಿಗೆ ಮುಂಚೆಯೇ ಹೇಳಬೇಕಾದ ಒಂದು ವಿಷಯವಿದೆ. ಇಲ್ಲಿ ಎರೆಗೆ ಹೆಚ್ಚಾಗಿ ಸರ್ಕಲ್ ಹುಕ್ ಎಂಬ ಒಳಬಾಗಿದ ಗಾಳ ಬಳಸುತ್ತಾರೆ. ಕೈದಾರದಲ್ಲಿ ಹಿಡಿದು ಬೆಳೆದವರು ಮೀನು ಕಚ್ಚಿದ ಕೂಡಲೇ ಜೋರಾಗಿ ಎಳೆಯುತ್ತಾರೆ. ಈ ಗಾಳ ಆಗ ಬಾಯಿಂದ ಜಾರಿ ಹೊರಬರುತ್ತದೆ. ಕೋಲು ಬಾಗುವವರೆಗೆ ಬಿಟ್ಟು, ದಾರವನ್ನು ಬಿಗಿಯಾಗಿ ಸುತ್ತುತ್ತ ಹೋದರೆ ಗಾಳ ತಾನಾಗಿ ಬಾಯಿಯ ಮೂಲೆಯಲ್ಲಿ ಕೂರುತ್ತದೆ. ಮೀನನ್ನು ನೀರಿಗೆ ಮರಳಿ ಬಿಡಬೇಕಾದಾಗ ಅದು ಬದುಕುವ ಸಾಧ್ಯತೆಯೂ ಇದರಿಂದ ಹೆಚ್ಚುತ್ತದೆ. ಸಮಯದ ವಿಷಯದಲ್ಲಿ ನಾಲ್ಕು ಗಂಟೆಯ ಅರ್ಧ ದಿನ ಸಾಕು. ಇಡೀ ದಿನಕ್ಕೆ ಹೋದರೆ ಕೊನೆಯ ಎರಡು ಗಂಟೆ ಬಿಸಿಲನ್ನೂ ಮಗುವಿನ ಬೇಸರವನ್ನೂ ಸಂಭಾಳಿಸುವುದರಲ್ಲೇ ಮುಗಿಯುತ್ತದೆ. ಇನ್ಸುಲಿನ್ ತೆಗೆದುಕೊಳ್ಳುತ್ತಿದ್ದರೆ ಊಟದ ಹೊತ್ತು, ನೀರು, ಸಿಹಿ ಏನಾದರೂ ಜೇಬಿನಲ್ಲಿರುವುದು, ದೋಣಿಯಲ್ಲಿ ಶೌಚದ ವ್ಯವಸ್ಥೆ ಇದೆಯೇ ಇಲ್ಲವೇ, ಇವನ್ನೆಲ್ಲ ಗೈಡ್‌ಗೆ ಮೊದಲೇ ತಿಳಿಸಿ. 26 ಅಡಿಗಿಂತ ಚಿಕ್ಕ ದೋಣಿ ಚಲಿಸುವಾಗ 13 ವರ್ಷದೊಳಗಿನ ಮಕ್ಕಳು ಲೈಫ್ ಜಾಕೆಟ್ ತೊಟ್ಟಿರಲೇಬೇಕೆಂದು ಟೆಕ್ಸಾಸ್ ಕಾನೂನಿದೆ. ಮಗಳ ಅಳತೆಯದು ದೋಣಿಯಲ್ಲಿ ಇರುತ್ತದೆ ಎಂದು ನಂಬದೆ ಮನೆಯಿಂದಲೇ ಒಯ್ಯುವುದು ಒಳ್ಳೆಯದು.

ಲೂಯಿಸಿಯಾನದ ಮಾತಿಗೆ ಬರುತ್ತೇನೆ. ಅಲ್ಲಿನ ಜೌಗುಪ್ರದೇಶ ವಿಶಾಲ, ಗಾಳಿ ಬೀಸಿದರೂ ಮರೆಯಾಗಲು ಒಳಕಾಲುವೆಗಳು ಹೇರಳ, ರೆಡ್‌ಫಿಶ್ ಬೇಟೆಗೆ ಅದು ಹೆಸರುವಾಸಿ. ಆದರೆ ಅಲ್ಲಿ ಮೀನಿಗೆ ಮಿತಿಯೇ ಇಲ್ಲ ಎಂಬ ನಂಬಿಕೆ ಹಳೆಯದಾಯಿತು. ಮೀನಿನ ಸಂಖ್ಯೆ ಕುಸಿಯುತ್ತಿರುವುದನ್ನು ಕಂಡು 2024ರ ಜೂನ್‌ನಿಂದ ಆ ರಾಜ್ಯ ದಿನಕ್ಕೆ ಒಬ್ಬರಿಗೆ ನಾಲ್ಕು, 18ರಿಂದ 27 ಇಂಚಿನೊಳಗಿನವು ಮಾತ್ರ ಎಂದು ನಿಯಮ ಬಿಗಿಗೊಳಿಸಿದೆ. 27 ಇಂಚು ಮೀರಿದ್ದನ್ನು ಇಟ್ಟುಕೊಳ್ಳುವಂತಿಲ್ಲ. ಗ್ಯಾಲ್ವೆಸ್ಟನ್ ನಿಮಗೆ ಒಂದು ಗಂಟೆಯ ದಾರಿ. ಗಾಳಿ ಕೆಟ್ಟರೆ ಮುಂದಿನ ವಾರ ಮತ್ತೆ ಹೋಗಬಹುದು. ಹೋಟೆಲ್ ಕಾದಿರಿಸಿ ದೂರ ಹೋದವರು ದುಡ್ಡು ಕೊಟ್ಟಾಗಿದೆ ಎಂಬ ಒಂದೇ ಕಾರಣಕ್ಕೆ ಹೋಗಬಾರದ ಗಾಳಿಯಲ್ಲಿ ಹೊರಡುತ್ತಾರೆ. ನಿಮ್ಮ ಸಂದರ್ಭದಲ್ಲಿ ಹತ್ತಿರವಿರುವುದೇ ದೊಡ್ಡ ಅನುಕೂಲ.

ಟೆಕ್ಸಾಸ್‌ನ ನಿಯಮ ಹೀಗಿದೆ: ಒಬ್ಬರಿಗೆ ದಿನಕ್ಕೆ ಮೂರು, 20ರಿಂದ 28 ಇಂಚಿನೊಳಗಿನವು, ಅಂದರೆ ಸುಮಾರು ಒಂದೂವರೆ ಕಿಲೋದಿಂದ ಮೂರೂವರೆ ಕಿಲೋ ಮೀರುವವರೆಗೆ. ಬಾಯಿ ಮುಚ್ಚಿ, ಬಾಲದ ಎರಡು ಅಂಚನ್ನೂ ಒತ್ತಿ ಹಿಡಿದು ಅಳೆಯಬೇಕು. ಗೈಡ್ ಜೊತೆ ಹೋದಾಗ ಗೈಡ್‌ನನ್ನು ಲೆಕ್ಕಕ್ಕೆ ಸೇರಿಸುವಂತಿಲ್ಲ, ಆದ್ದರಿಂದ ನಿಮ್ಮ ಮೂವರ ದೋಣಿಗೆ ಒಂಬತ್ತೇ ಮಿತಿ. ಅದರಲ್ಲಿ ಮೂರು ನಾಲ್ಕು ಸಿಕ್ಕರೂ ಮನೆಗೆ ಧಾರಾಳ. ಈ ಕಟ್ಟುನಿಟ್ಟು ಏಕೆ ಎಂದು ತಂದೆಯವರು ಕೇಳಬಹುದು. ನ್ಯೂ ಓರ್ಲಿಯನ್ಸ್‌ನ ಬಾಣಸಿಗ ಪಾಲ್ ಪ್ರುಧೋಮ್ ಮಸಾಲೆ ಸವರಿ ಕಪ್ಪಗೆ ಹುರಿದ ರೆಡ್‌ಫಿಶ್ 1980ರ ದಶಕದಲ್ಲಿ ದೇಶವಿಡೀ ಜನಪ್ರಿಯವಾದಾಗ ಹೊರ ಸಮುದ್ರದ ತಾಯಿಮೀನುಗಳ ಹಿಂಡುಗಳನ್ನೇ ದೊಡ್ಡ ಸುತ್ತುಬಲೆಗಳು ಬಾಚತೊಡಗಿದವು. ಟೆಕ್ಸಾಸ್ 1981ರಲ್ಲೇ ತನ್ನ ನೀರಿನಲ್ಲಿ ಹಿಡಿದ ರೆಡ್‌ಫಿಶ್‌ನ ಮಾರಾಟ ನಿಲ್ಲಿಸಿತ್ತು, 1986ರಲ್ಲಿ ಕೇಂದ್ರ ಸರ್ಕಾರವೂ ತುರ್ತು ನಿಯಮ ತಂದಿತು. ಇಂದು ಮೆಕ್ಸಿಕೋ ಕೊಲ್ಲಿಯಲ್ಲಿ ಕೇಂದ್ರ ಸರ್ಕಾರದ ವ್ಯಾಪ್ತಿಗೆ ಬರುವ ಹೊರ ಸಮುದ್ರದಲ್ಲಿ ಈ ಮೀನನ್ನು ಹಿಡಿದು ಇಟ್ಟುಕೊಳ್ಳುವಂತೆಯೇ ಇಲ್ಲ. ಕೊಲ್ಲಿಯಲ್ಲಿ ಇಂದು ಇಷ್ಟು ಮೀನಿರುವುದು ಆ ನಿರ್ಬಂಧಗಳಿಂದ, ಜೊತೆಗೆ ರಾಜ್ಯದ ಮರಿ ಉತ್ಪಾದನಾ ಕೇಂದ್ರಗಳು ಪ್ರತಿವರ್ಷ ಬಿಡುವ ಕೋಟಿಗಟ್ಟಲೆ ಮರಿಗಳಿಂದ. ಈ ಸಂಗತಿ ನನಗೆ ಸದಾ ಭರವಸೆ ಕೊಡುತ್ತದೆ, ನಮ್ಮ ಕರಾವಳಿಯ ಬಗ್ಗೆ ಯೋಚಿಸುವಾಗಲೂ.

ಬೀಸುಬಲೆ ತರುವ ಅಗತ್ಯವಿಲ್ಲ. ಟೆಕ್ಸಾಸ್‌ನಲ್ಲಿ 14 ಅಡಿ ವ್ಯಾಸ ಮೀರದ ಬೀಸುಬಲೆಗೆ ಅನುಮತಿಯಿದೆ, ಆದರೆ ಎರೆಮೀನಿನಂಥವಕ್ಕೆ ಮಾತ್ರ. ರೆಡ್‌ಫಿಶ್, ಟ್ರೌಟ್‌ನಂಥ ಮೀನುಗಳನ್ನು ಕೋಲು ದಾರದಿಂದಲೇ ಹಿಡಿಯಬೇಕು. ಬಲೆಯಲ್ಲಿ ಬಿದ್ದರೆ ಬಿಟ್ಟುಬಿಡಬೇಕು. ಇಲ್ಲಿಯೇ ಒಂದು ಬಲೆ ಕೊಂಡು ಎರೆಗಾಗಿ ಮಲೆಟ್ ಹಿಡಿಯುವ ಕೆಲಸವನ್ನು ಅವರಿಗೆ ಒಪ್ಪಿಸಿ ಎಂದು ಗೈಡ್‌ಗೆ ಹೇಳಿ ನೋಡಿ. ಬಲೆಯನ್ನು ದುಂಡಗೆ ಬಿಡಿಸಿ ಬೀಸಬಲ್ಲವರನ್ನು ಕಂಡರೆ ಇಲ್ಲಿನ ಗೈಡ್‌ಗಳಿಗೆ ತಕ್ಷಣ ಗೌರವ ಮೂಡುತ್ತದೆ.

ಮೀನು ತಿನ್ನುವ ಪ್ರಶ್ನೆಯಲ್ಲಿ ನಿಮ್ಮ ಗೆಳೆಯರ ಮಾತಿನಲ್ಲಿ ಸತ್ಯದ ಅಂಶವಿದೆ. ಹೂಸ್ಟನ್ ಶಿಪ್ ಚಾನೆಲ್ ಎಂಬ ಹಡಗುಕಾಲುವೆ ಮತ್ತು ಅದಕ್ಕೆ ಹೊಂದಿದ ಕೊಲ್ಲಿಯ ಉತ್ತರ ಭಾಗದ ಮೀನಿನಲ್ಲಿ ಡಯಾಕ್ಸಿನ್ ಮತ್ತು ಪಿಸಿಬಿ ರಾಸಾಯನಿಕಗಳಿರುವ ಕಾರಣ ರಾಜ್ಯದ ಆರೋಗ್ಯ ಇಲಾಖೆ ಸೇವನೆಯ ಬಗ್ಗೆ ಎಚ್ಚರಿಕೆ ಹೊರಡಿಸಿದೆ. ಗ್ಯಾಲ್ವೆಸ್ಟನ್ ಕೊಲ್ಲಿಯ ಕ್ಯಾಟ್‌ಫಿಶ್‌ಗೂ ಎಚ್ಚರಿಕೆಯಿದೆ. ಅದನ್ನು ಇಡೀ ಕೊಲ್ಲಿಯ ಎಲ್ಲ ಮೀನಿಗೂ ಹಬ್ಬಿಸುವುದು ತಪ್ಪು. ಆ ಭಾಗದಿಂದ ದೂರವಿರುವ ವೆಸ್ಟ್ ಬೇ, ಕ್ರಿಸ್ಮಸ್ ಬೇ ಕಡೆ ಹಿಡಿಯಲು ಹೇಳಿ, ಹೊರಡುವ ಮುನ್ನ ಇಲಾಖೆಯ ಇತ್ತೀಚಿನ ಪ್ರಕಟಣೆ ಒಮ್ಮೆ ನೋಡಿ. ಮಾರ್ಚ್‌ನಲ್ಲಿ ಹೋದರೆ ಇನ್ನೊಂದು ಗೊಂದಲ ಎದುರಾಗಬಹುದು: ಆಗ ಬ್ಲ್ಯಾಕ್ ಡ್ರಮ್ ಎಂಬ ಸೋದರ ಮೀನೂ ಗಾಳಕ್ಕೆ ಬೀಳುತ್ತದೆ. ಅದರ ಗದ್ದದ ಕೆಳಗೆ ಮೀಸೆಯಂಥ ಎಳೆಗಳಿರುತ್ತವೆ, ಎಳೆಯ ಮೀನಿಗೆ ಮೈಮೇಲೆ ಅಡ್ಡಪಟ್ಟಿಗಳಿರುತ್ತವೆ. ರೆಡ್‌ಫಿಶ್‌ಗೆ ಎರಡೂ ಇಲ್ಲ. ಎರಡಕ್ಕೂ ಅಳತೆಯ ನಿಯಮ ಬೇರೆಬೇರೆ. ದಡಕ್ಕೆ ಬಂದ ಮೇಲೆ ಗೈಡ್ ಎರಡು ಬದಿಯ ಮಾಂಸ ಕತ್ತರಿಸಿ ಚೀಲಕ್ಕೆ ಹಾಕಿ ತಲೆ ಮತ್ತು ಮುಳ್ಳನ್ನು ಪೆಲಿಕನ್‌ಗಳಿಗೆ ಎಸೆಯುತ್ತಾನೆ. ಹೊನ್ನಾವರದ ಸಾರಿಗೆ ಬೇಕಾದದ್ದು ಅದೇ ತಲೆ. ಚಾಕು ಎತ್ತುವ ಮೊದಲೇ, ಚಿಪ್ಪು ತೆಗೆದು ತಲೆಸಮೇತ ತುಂಡು ಮಾಡಿ ಕೊಡಿ ಎಂದು ಹೇಳಿಬಿಡಿ.

ಪರವಾನಗಿಯ ವಿಷಯ ಸರಳ. 17 ವರ್ಷದೊಳಗಿನ ಮಗಳಿಗೆ ಬೇಡ, ನಿಮಗೆ ಬೇಕು. ತಂದೆಯವರು ಟೆಕ್ಸಾಸ್ ನಿವಾಸಿಯಲ್ಲದ ಕಾರಣ ಹಿರಿಯರ ರಿಯಾಯಿತಿ ಸಿಗುವುದಿಲ್ಲ. ಹೊರಗಿನವರಿಗೆಂದೇ ಇರುವ ಒಂದು ದಿನದ ಪರವಾನಗಿ ತೆಗೆದುಕೊಳ್ಳಬಹುದು. ಆದರೆ ಬುಕ್ ಮಾಡುವ ಮೊದಲೇ ಅವರನ್ನು ಒಂದು ಸಂಜೆ ಗ್ಯಾಲ್ವೆಸ್ಟನ್ ಐಲೆಂಡ್ ಸ್ಟೇಟ್ ಪಾರ್ಕ್‌ಗೆ ಕರೆದೊಯ್ಯಿರಿ. ಟೆಕ್ಸಾಸ್‌ನ ರಾಜ್ಯ ಉದ್ಯಾನಗಳ ದಡದಿಂದ ಗಾಳ ಹಾಕಲು ಪರವಾನಗಿ ಬೇಕಿಲ್ಲ. ಅಲ್ಲಿ ಕೊಲ್ಲಿಯ ಬದಿಯಲ್ಲಿ ಒಂದೆರಡು ಗಂಟೆ ಕಳೆದರೆ ಅವರ ಮೊಣಕಾಲು ಎಷ್ಟು ತಡೆಯುತ್ತದೆ, ಮಗಳ ತಾಳ್ಮೆ ಎಷ್ಟು ಹೊತ್ತಿನದು, ಆಗ್ನೇಯದ ಗಾಳಿ ಎಂದರೇನು ಎಂಬುದೆಲ್ಲ ನಿಮಗೇ ತಿಳಿಯುತ್ತದೆ, ಗೈಡ್ ಜೊತೆ ಮಾತಾಡುವಾಗ ಆ ತಿಳಿವು ನೆರವಾಗುತ್ತದೆ. ಗೊತ್ತುಮಾಡಿದ ದಿನ ಗಾಳಿಯಿಂದ ರದ್ದಾದರೆ ಲೇಕ್ ಜಾಕ್ಸನ್‌ನಲ್ಲಿರುವ ಸೀ ಸೆಂಟರ್ ಟೆಕ್ಸಾಸ್‌ಗೆ ಹೋಗಿ. ರೆಡ್‌ಫಿಶ್ ಮರಿಗಳನ್ನು ಬೆಳೆಸಿ ಕೊಲ್ಲಿಗೆ ಬಿಡುವ ಕೇಂದ್ರಗಳಲ್ಲಿ ಅದೂ ಒಂದು, ದೊಡ್ಡ ತೊಟ್ಟಿಗಳಲ್ಲಿ ಮೀನುಗಳನ್ನು ಹತ್ತಿರದಿಂದ ನೋಡಬಹುದು. ಮರಿ ಉತ್ಪಾದನಾ ವಿಭಾಗವನ್ನು ನೋಡಲು ಮೊದಲೇ ಫೋನ್ ಮಾಡಿ ಕೇಳಿಕೊಳ್ಳಿ.